ಅರ್ಧಮಾವನ ವಜ್ರದ ವ್ಯಾಪಾರ

ನನ್ನ ಗಂಡನ ಸೋದರಮಾವನಿಗೆ ಅವರ ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರನ್ನು ಬಿಟ್ಟರೆ ಈಗ ಯಾರಿಗೂ ನೆನಪಿಲ್ಲ. ಮನೆಯಲ್ಲೂ ಪೇಟೆಯಲ್ಲೂ ಅವರು ಅರ್ಧಮಾವ. ಅಂಗಡಿಯವನು ಯಾವ ಬೆಲೆಯನ್ನಾದರೂ ಹೇಳಲಿ, ಅವನು ಬಾಯಿ ಮುಚ್ಚುವುದರೊಳಗೆ ಮಾವ "ಅರ್ಧಕ್ಕೆ ಕೊಡ್ತೀರಾ?" ಅನ್ನುತ್ತಾರೆ. ಬೆಲೆ ಸರಿಯಾಗಿ ಕೇಳಿಸದಿದ್ದರೂ ಅನ್ನುತ್ತಾರೆ. ಒಮ್ಮೆ ಡಾಕ್ಟರು ಇವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಎಷ್ಟು ಕೆಜಿ ಅಂತ ಹೇಳಿದ್ದಕ್ಕೂ ಹಾಗೇ ಅಂದರಂತೆ. ನನ್ನ ಗಂಡ ಆಣೆ ಮಾಡಿ ಹೇಳುತ್ತಾರೆ. ನಾನೇನೂ ಕಣ್ಣಾರೆ ಕಂಡಿಲ್ಲ, ಆದರೆ ಆ ಮನುಷ್ಯನನ್ನು ಬಲ್ಲೆ.

ಮಾವ ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವರು. ನಟ್ಟು, ಬೋಲ್ಟು, ವಾಷರ್ ತಂದವರ ಎದುರಿಗೆ ಒಂದನ್ನು ಎತ್ತಿ ಹಿಡಿದು ಮೂಗು ಮುರಿಯುವುದೇ ಅವರ ಉದ್ಯೋಗ. ಸಂಬಳ ಕೊಟ್ಟು ಮೂಗು ಮುರಿಸುವ ಕೆಲಸ ಎಷ್ಟು ಜನಕ್ಕೆ ಸಿಗುತ್ತದೆ ಹೇಳಿ! ನಿವೃತ್ತಿಯಾದ ಮೇಲೆ ಕಾರ್ಖಾನೆಗೆ ನೆಮ್ಮದಿ ಬಂತು, ಮೂಗು ನಮ್ಮ ಪಾಲಿಗೆ ಬಂತು. ಮನೆಗೆ ಸ್ಟೂಲು ತರಬೇಕಾದರೂ ಮಾವನಿಗೆ ಹೇಳಿ ಕಳಿಸಬೇಕು. ಹೇಳದೆ ತಂದರೆ, ಅದರ ಮೇಲೆ ಕೂತುಕೊಂಡೇ, ಎಷ್ಟು ಟೋಪಿ ಹಾಕಿಸಿಕೊಂಡಿದ್ದೇವೆ ಎಂದು ಲೆಕ್ಕ ಒಪ್ಪಿಸುತ್ತಾರೆ.

ಅವರು ಉಳಿಸಿಕೊಟ್ಟದ್ದು ಕಮ್ಮಿಯಲ್ಲ, ಅದನ್ನೂ ಹೇಳಬೇಕು. ಆದರೆ ಉಳಿಸಿದ್ದರ ಜೊತೆಗೆ ಬಂದದ್ದೂ ಕಮ್ಮಿಯಲ್ಲ. ಅವರ ಬೂಟು ಕಾಲಿಗಿಂತ ಒಂದು ನಂಬರ್ ಸಣ್ಣದು. ಕಾಲಿನ ಅಳತೆಯದು ಅಷ್ಟು ಅಗ್ಗಕ್ಕೆ ಬರಲಿಲ್ಲವಂತೆ. ಕುಂಟುತ್ತಲೇ ನಡೆಯುತ್ತಾರೆ, ಯಾಕೆ ಮಾವ ಎಂದರೆ ಬೂಟಿನ ಬೆಲೆ ಹೇಳಿ ಎದೆ ಉಬ್ಬಿಸುತ್ತಾರೆ. ನಮ್ಮ ಮನೆಯಲ್ಲಿರುವವರು ನಾಲ್ಕು ಜನ, ಕೊಡೆಗಳು ಒಂದು ಡಜನ್. ನನ್ನ ಅತ್ತೆಗೆ, ಅಂದರೆ ಮಾವನ ಸ್ವಂತ ಅಕ್ಕನಿಗೆ, ಎರಡು ಕಿವಿಯೂ ಮಂದ. ಎರಡು ಕಿವಿಗೂ ಯಂತ್ರ ಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದರೆ ಮಾವ ಒಂದನ್ನೇ ಕೊಂಡರು. ಅಲ್ಲಿಯೂ ಅರ್ಧ! ಅಂದಿನಿಂದ ಅತ್ತೆಯ ಬಲಗಡೆ ಕೂತವರ ಮಾತಿಗಷ್ಟೇ ಮನೆಯಲ್ಲಿ ಬೆಲೆ.

ಆ ಕಿವಿಯಿಂದಲೇ ಈ ಕತೆ ಹುಟ್ಟಿದ್ದು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುತ್ತಿದ್ದ ಹುಡುಗಿ, ಮಾವ "ಒಂದು ಕಿವಿಗೆ ಎಷ್ಟು?" ಎಂದಾಗ ತಡೆದುಕೊಳ್ಳಲಾಗದೆ ನಕ್ಕುಬಿಟ್ಟಳು. ಅತ್ತೆಯನ್ನು ಕರೆದುಕೊಂಡು ಹೋಗಿದ್ದ ನನ್ನ ಮೈದುನ ಆ ನಗುವಿಗೆ ಬಿದ್ದ. ಆಮೇಲೆ ಅಮ್ಮನ ಯಂತ್ರ ಕೀಚ್ ಅನ್ನುತ್ತದೆ, ಬ್ಯಾಟರಿ ನಿಲ್ಲುವುದಿಲ್ಲ ಎಂದು ಏನೇನೋ ನೆಪ ಹೇಳಿಕೊಂಡು ವಾರವಾರವೂ ಆಸ್ಪತ್ರೆಗೆ ಓಡಿದ. ಮೈದುನ ಕಟ್ಟಡದ ನಕ್ಷೆ ಬರೆಯುವವನು. ಒಳ್ಳೆಯವನೇ. ಪೆನ್ಸಿಲ್ಲಿನಲ್ಲಿ ಗೆರೆ ನೆಟ್ಟಗೆ ಎಳೆಯುತ್ತಾನೆ, ಬಾಯಲ್ಲಿ ಮಾತ್ರ ಒಂದು ಮಾತೂ ನೆಟ್ಟಗೆ ಬರುವುದಿಲ್ಲ. ಈ ಮನೆಯಲ್ಲಿ ಬೆಳೆದವರಿಗೆ ಹೇಗೆ ಬಂದೀತು?

ಯಾಕೆಂದರೆ ಈ ಮನೆಯವರು ಅಂಗಡಿಯೊಳಗೆ ಕಾಲಿಟ್ಟರೆಂದರೆ ಕಾನೂನೇ ಬೇರೆ. ಇಷ್ಟವಾದ ವಸ್ತುವಿನ ಕಡೆ ಕಣ್ಣು ಹಾಯಿಸಬಾರದು. ಕಣ್ಣು ಹೋದರೂ ಮುಖ ಗಂಟು ಹಾಕಿಕೊಂಡಿರಬೇಕು. ಚೆನ್ನಾಗಿದ್ದಷ್ಟೂ ಬೈಯಬೇಕು. ಮಾವ ಚೀಲ ಎತ್ತಿಕೊಂಡು "ನಡೀರಿ" ಎಂದರೆ ಎಲ್ಲರೂ ಎದ್ದು ಸಾಲಾಗಿ ಹೊರಟುಬಿಡಬೇಕು, ಬೀದಿಯ ತಿರುವಿನವರೆಗೆ ಹಿಂದಕ್ಕೆ ತಿರುಗಿ ನೋಡಕೂಡದು. ನೋಡಿದರೆ ನಮಗೆ ಬೇಕು ಅಂತ ಅಂಗಡಿಯವನಿಗೆ ಗೊತ್ತಾಗುತ್ತದೆ. ನೋಡದಿದ್ದರೆ ಅವನೇ ಹೊರಗೆ ಬಂದು ಕರೆಯುತ್ತಾನೆ. ಮದುವೆಯಾದ ಹೊಸತರಲ್ಲಿ ನಾನು ಬಟ್ಟೆ ಅಂಗಡಿಯೊಂದರಲ್ಲಿ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದುಬಿಟ್ಟೆ. ದಾರಿಯುದ್ದಕ್ಕೂ ಒಬ್ಬರೂ ನನ್ನ ಹತ್ತಿರ ಮಾತಾಡಲಿಲ್ಲ.

ಹುಡುಗಿ ಮದುವೆಗೆ ಒಪ್ಪಿದಳು. ಅಡುಗೆಮನೆಯಲ್ಲಿ ನನ್ನೆದುರಿಗೇ ಮೈದುನನಿಗೆ ಹೇಳಿದಳು: "ನಂಗೆ ದೊಡ್ಡ ಕಲ್ಲು ಬೇಡ, ದುಬಾರಿದೂ ಬೇಡ. ಚಿಕ್ಕ ವಜ್ರದ್ದು ಒಂದು ಉಂಗುರ. ಆದ್ರೆ ನಿಮಗೆ ಇಷ್ಟ ಆಗಿದ್ದನ್ನ ನೀವೇ ಬಾಯ್ಬಿಟ್ಟು 'ಇದು' ಅಂತ ಹೇಳಿ ಕೊಡಿಸ್ಬೇಕು. ನೀವು ಯಾವ್ದನ್ನೂ ಇಷ್ಟ ಅಂತ ಹೇಳಿದ್ದೇ ನಾನು ಕೇಳಿಲ್ಲ. ನನ್ನನ್ನೂ ಸೇರಿಸಿ." ಮೈದುನ ಕಿವಿಯವರೆಗೂ ಕೆಂಪಾಗಿ "ಆಯ್ತು" ಎಂದ. ಅವಳು ಕೇಳಿದ್ದು ಇಷ್ಟೇ. ಈ ಒಂದು ಮಾತು ಅವನ ಬಾಯಿಂದ ಬರುತ್ತದೋ ಇಲ್ಲವೋ ಅನ್ನುವುದರ ಮೇಲೆ ಮದುವೆ ನಿಂತಿದೆ ಎಂದು ನನಗೆ ಅವತ್ತೇ ಅನ್ನಿಸಿತ್ತು.

ವಜ್ರ ಅಂದದ್ದೇ ತಡ, ಮಾವನಿಗೆ ಹತ್ತು ವರ್ಷ ಪ್ರಾಯ ಇಳಿಯಿತು. ಈವರೆಗೆ ಅವರು ವಜ್ರದ ವ್ಯಾಪಾರ ಮಾಡಿರಲಿಲ್ಲ. ಊರಿನ ದೊಡ್ಡ ಒಡವೆ ಅಂಗಡಿಗಳನ್ನೆಲ್ಲ ಸುತ್ತಿದರು. ಪ್ರತಿಯೊಂದರಲ್ಲೂ ತಂಪು ಪಾನೀಯ ಕುಡಿದು, ರೇಟು ಕೇಳಿ, ಎದ್ದು ಬಂದರು. ಕಾರ್ಖಾನೆಯಲ್ಲಿ ಬೋಲ್ಟಿನ ಥ್ರೆಡ್ಡು ನೋಡುತ್ತಿದ್ದ ಭೂತಗನ್ನಡಿಯನ್ನು ಒರೆಸಿ ಇಟ್ಟುಕೊಂಡರು. ಎರಡು ವಾರದಲ್ಲಿ ಗಣಿ ಅಗೆದು ಬಂದವರ ಹಾಗೆ ಮಾತಾಡತೊಡಗಿದರು. "ವಜ್ರದಲ್ಲಿ ನೋಡ್ಬೇಕಾದ್ದು ನಾಕು: ತೂಕ, ಬಣ್ಣ, ಶುದ್ಧಿ, ಕೆತ್ತನೆ. ನಾಕರಲ್ಲೂ ತಪ್ಪು ಹುಡುಕ್ಬೋದು," ಎಂದು ನಮ್ಮ ಊಟದ ತಟ್ಟೆಯ ಮುಂದೆ ಪಾಠ ಹೇಳಿದರು. ನನ್ನ ಗಂಡನಿಗೆ ಅಂಗಡಿಗೆ ಹೋಗುವ ದಿನ ಬೆಳಿಗ್ಗೆ ಆಫೀಸಿನಲ್ಲಿ ಇದ್ದಕ್ಕಿದ್ದಂತೆ ಕೆಲಸ ಬಂತು. ಬುದ್ಧಿವಂತರು.

ಹೊರಟವರು ಮಾವ, ಅತ್ತೆ, ಮೈದುನ, ಆ ಹುಡುಗಿ ಮತ್ತು ನಾನು. ಮನೆಯ ಅಂಗಡಿ ಕಾನೂನನ್ನು ಅವಳ ಕಿವಿಗೆ ಹಾಕಿಬಿಡೋಣ ಎಂದುಕೊಂಡಿದ್ದೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಅವಳು ನೇರವಾಗಿ ಅಂಗಡಿ ಬಾಗಿಲಿಗೇ ಬಂದಿದ್ದರಿಂದ ಆಗಲಿಲ್ಲ. ಮೈದುನ ಹೇಳಿರುತ್ತಾನೆ ಅಂದುಕೊಂಡೆ. ಅವನೋ, ಜಗತ್ತಿನ ಎಲ್ಲ ಮನೆಯವರೂ ಹೀಗೇ ಸಾಮಾನು ಕೊಳ್ಳುತ್ತಾರೆ ಎಂದು ತಿಳಿದ ಮಹಾನುಭಾವ.

ಅಂಗಡಿ ಚಿಕ್ಕದು, ಚೊಕ್ಕಟವಾದದ್ದು. ಗಾಜಿನ ಮೇಜು, ಮೇಲೊಂದು ಬಾಗಿದ ದೀಪ, ಈಚೆಗೆ ಐದು ಕುರ್ಚಿ. ನರೆಗೂದಲಿನ ಯಜಮಾನಿ ಕಪ್ಪು ಬಟ್ಟೆ ಹಾಸಿದ ತಟ್ಟೆಯಲ್ಲಿ ಉಂಗುರಗಳನ್ನು ತಂದಿಟ್ಟರು. ಹುಡುಗಿ ಒಂದೊಂದನ್ನೇ ನೋಡುತ್ತ ಬಂದು, ಒಂದರ ಹತ್ತಿರ ನಿಂತಳು. ಸಣ್ಣ ಕಲ್ಲು, ತೆಳ್ಳನೆ ಸುತ್ತು. ಬೆರಳಿಗೆ ಹಾಕಿಕೊಂಡು ಮೈದುನನ ಕಡೆ ಕೈ ಚಾಚಿದಳು. ಮುಖ ಎಷ್ಟು ಅರಳಿತ್ತೆಂದರೆ ನನಗೇ ಕಣ್ಣು ತುಂಬಿತು.

ಮೈದುನನಿಗೂ ಅದೇ ಹಿಡಿಸಿತ್ತು. ಅವನು ಮುಂದಕ್ಕೆ ಬಾಗಿ ಬಾಯಿ ತೆರೆದಾಗಲೇ ನನಗೆ ತಿಳಿಯಿತು. ಆದರೆ ಪಕ್ಕದಲ್ಲಿ ಮಾವ ಕೆಮ್ಮಿದರು. ತಕ್ಷಣ ಅವನು ಸಾವಿನ ಮನೆಗೆ ಬಂದವನ ಮುಖ ಮಾಡಿಕೊಂಡು, "ಏನೋ... ಅಂಥಾದ್ದೇನಿಲ್ಲ," ಎಂದ.

ಅವಳ ಕೈ ಅಲ್ಲೇ ನಿಂತಿತು.

ಮಾವ ಅವಳ ಬೆರಳಿನಲ್ಲಿದ್ದ ಉಂಗುರಕ್ಕೇ ಭೂತಗನ್ನಡಿ ಹಿಡಿದರು. "ಕಲ್ಲು ಕಾಣ್ಸೋದೇ ಇಲ್ಲ. ಕಂಡಿದ್ರಲ್ಲೂ ಇಲ್ಲೊಂದು ಕಪ್ಪು ಚುಕ್ಕೆ ಇದೆಯಲ್ಲ ತಾಯಿ?"

ಯಜಮಾನಿ ಮೆತ್ತಗೆ, "ಅದು ನಿಮ್ಮ ಭೂತಗನ್ನಡಿ ಮೇಲಿರೋ ಗ್ರೀಸು," ಎಂದರು.

"ಇದ್ರೂ ಇರ್ಬೋದು. ಆದ್ರೂ ಹೊಳಪು ಸಾಲ್ದು."

ಅತ್ತೆಗೆ ಅಲ್ಲಿಯವರೆಗಿನ ಮಾತು ಅರ್ಧವೇ ಕೇಳಿಸಿತ್ತು. ತಮ್ಮನಿಗೆ ಸಹಾಯ ಮಾಡೋಣ ಎಂದು ಅಂಗಡಿ ಹಾರಿಹೋಗುವ ಹಾಗೆ ಕೂಗಿದರು: "ಆ ಬೆರಳಿಗೆ ಏನು ಹಾಕಿದ್ರೂ ಅಷ್ಟೇ ಬಿಡೋ!" ನಮ್ಮ ಮನೆಯ ಲೆಕ್ಕದಲ್ಲಿ ಇದು ಹೊಗಳಿಕೆ, ಬೆರಳಿಗೆ ಎಷ್ಟು ಒಪ್ಪುತ್ತದೆ ಎಂದು ಅರ್ಥ. ಇದನ್ನು ಆ ಹುಡುಗಿಗೆ ಯಾರು ಬಿಡಿಸಿ ಹೇಳಬೇಕು? ನಾನೇ ಬಗ್ಗಿ, "ಇವರಿಗೆಲ್ಲ ತುಂಬಾ ಇಷ್ಟ ಆಗಿದೆ ಕಣೇ, ಬೇಜಾರು ಮಾಡ್ಕೋಬೇಡ," ಎಂದು ಪಿಸುಗುಟ್ಟಿದೆ. ನನ್ನ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. ಅವಳ ತಪ್ಪಲ್ಲ.

ಮೈದುನನ ಕಡೆ ತಿರುಗಿ ನೇರವಾಗಿ ಕೇಳಿದಳು: "ನಿಮಗೆ ಇಷ್ಟ ಆಯ್ತಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ."

ಹೇಳೋ ಮಾರಾಯ, ಹೇಳು, ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ಅವನು ಮಾವನನ್ನು ನೋಡಿದ, ದೀಪ ನೋಡಿದ, ತನ್ನ ಚಪ್ಪಲಿ ನೋಡಿಕೊಂಡ. "ನೋಡೋಣ... ಬೇರೆ ಕಡೇನೂ ನೋಡೋಣ," ಎಂದ.

ಅವಳು ಉಂಗುರವನ್ನು ಬಿಚ್ಚಿ ತಟ್ಟೆಯಲ್ಲಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಯಜಮಾನಿ ಬೆಲೆ ಹೇಳಿದರು. ಕಲ್ಲಿಗೆ ಇಷ್ಟು, ಚಿನ್ನಕ್ಕೆ ಇಷ್ಟು, ಮಜೂರಿ ಇಷ್ಟು, ಜೊತೆಗೆ ಸರ್ಟಿಫಿಕೇಟು, ಎಂದು ಮುಚ್ಚುಮರೆಯಿಲ್ಲದೆ ಬಿಡಿಸಿ ಹೇಳಿದರು. ಮಾವ ನನ್ನ ಕಡೆ ಬಾಗಿ ಖುಷಿಯಿಂದ ಉಸುರಿದರು: "ನ್ಯಾಯವಾದ ರೇಟು ಕಣಮ್ಮಾ. ಊರೆಲ್ಲ ಸುತ್ತಿದ್ದೀನಿ, ಇಷ್ಟು ನ್ಯಾಯವಾಗಿ ಯಾರೂ ಹೇಳ್ಲಿಲ್ಲ."

"ಹಾಗಾದ್ರೆ ತಗೊಂಬಿಡಿ ಮಾವ!"

"ಮೊದಲ್ನೇ ಮಾತೇ ನ್ಯಾಯವಾಗಿದ್ರೆ ಇನ್ನೆಷ್ಟು ಇಳೀಬೋದು ಅಂತ ಯೋಚ್ನೆ ಮಾಡು!" ಎಂದವರೇ ಯಜಮಾನಿಯ ಕಡೆ ತಿರುಗಿ ತಮ್ಮ ಮಂತ್ರ ಹೇಳಿದರು. "ಅರ್ಧಕ್ಕೆ ಕೊಡ್ತೀರಾ?"

ಯಜಮಾನಿ ನಗಲಿಲ್ಲ, ಸಿಟ್ಟೂ ಮಾಡಿಕೊಳ್ಳಲಿಲ್ಲ. ಮಜೂರಿಯಲ್ಲಿ ಸ್ವಲ್ಪ ಬಿಡಬಹುದು, ಅದಕ್ಕಿಂತ ಆಗುವುದಿಲ್ಲ ಎಂದರು. ಮಾವ ಚೀಲ ಎತ್ತಿಕೊಂಡರು. "ನಡೀರಿ!"

ಹೊರಟೆವು. ಮುಂದೆ ಮಾವ ಕುಂಟುತ್ತ, ಹಿಂದೆ ನಾನು, ನನ್ನ ಹಿಂದೆ ಅತ್ತೆ, ಕೊನೆಗೆ ಮೈದುನ. ಇಷ್ಟು ವರ್ಷದ ಅಭ್ಯಾಸ, ನನ್ನ ಕತ್ತು ಕೂಡ ತಾನಾಗಿಯೇ ಬಿಗಿದುಕೊಂಡಿತು. ಚಪ್ಪಲಿ ಅಂಗಡಿ, ಔಷಧಿ ಅಂಗಡಿ ದಾಟಿ ತಿರುವಿಗೆ ಬಂದು ನಿಂತೆವು. ಅಲ್ಲಿ ತಿರುಗಲು ಅನುಮತಿ ಇದೆ. ತಿರುಗಿದೆವು.

"ಅವಳೆಲ್ಲೋ?" ಎಂದೆ.

ಮೈದುನ ಬೆಪ್ಪಾಗಿ ತನ್ನ ಬೆನ್ನ ಹಿಂದೆ ನೋಡಿದ. "ಹಿಂದೇನೇ ಬರ್ತಿದ್ದಾಳೆ ಅಂದ್ಕೊಂಡೆ ಅತ್ತಿಗೆ."

"ಅಂದ್ಕೊಂಡ್ಯಾ? ಪಕ್ಕದ ಕುರ್ಚೀಲಿ ಕೂತವಳು ಎದ್ದಳೋ ಇಲ್ವೋ ನೋಡ್ಲಿಲ್ವಾ?"

"ತಿರುಗಿ ನೋಡಬಾರದಲ್ಲ..."

ನನಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಬೇಕಾದವಳನ್ನು ಅಂಗಡಿಯಲ್ಲಿ ಬಿಟ್ಟು ಬಂದಿದ್ದಾನೆ, ತಿರುಗಿ ನೋಡಬಾರದಂತೆ! ಆದರೆ ಮಾವನ ಮುಖದಲ್ಲಿ ಆಗಲೇ ಬೇರೆ ಲೆಕ್ಕ ಓಡುತ್ತಿತ್ತು. "ಛೆ, ಕೆಲ್ಸ ಕೆಡಿಸಿದಳಲ್ಲ. ಒಬ್ಬರು ಒಳಗೆ ಕೂತಿದ್ರೆ ಇವರು ವಾಪಸ್ ಬರ್ತಾರೆ ಅಂತ ಆಯಮ್ಮಂಗೆ ಗೊತ್ತಾಗಲ್ವಾ?"

"ಮಾವ, ಮರೆತು ಬಂದಿರೋದು ಕೊಡೆಯಲ್ಲ, ಹುಡುಗೀನ!"

ಮೈದುನ ಎರಡು ಹೆಜ್ಜೆ ಮುಂದಕ್ಕೆ ಹಾಕಿದ. "ನಿಲ್ಲೋ!" ಎಂದು ಮಾವ ಗದರಿದರು. "ಕರೀದೆ ಹೋದ್ರೆ ಮರ್ಯಾದೆ ಏನುಳಿಯುತ್ತೆ? ಕರೀತಾರೆ, ತಡಿ." ಅವನು ನಿಂತುಬಿಟ್ಟ. ಮೂವತ್ತು ದಾಟಿದ ಗಂಡಸು, ಎರಡು ಅಂಗಡಿ ಆಚೆ ಅವಳು ಒಬ್ಬಳೇ ಕೂತಿದ್ದಾಳೆ, ನಿಂತುಬಿಟ್ಟ! ನಾನೇ ಹೋಗೋಣವೆಂದು ಹೊರಟರೆ ಅತ್ತೆ ಏನಾಯಿತು, ಏನಾಯಿತು ಎಂದು ಕೈ ಹಿಡಿದುಕೊಂಡರು. ಎಡಗಡೆ ನಿಂತಿದ್ದ ನಾನು ಅವರಿಗೆ ಕೂಗಿ ಹೇಳಿ ಮುಗಿಸುವಷ್ಟರಲ್ಲಿ ಯಜಮಾನಿ ಅಂಗಡಿಯ ಬಾಗಿಲಿಗೆ ಬಂದು ಕೈ ಬೀಸಿದರು.

"ಕರೆದ್ರು!" ಮಾವ ಗೆದ್ದ ಮುಖದಿಂದ ನಮ್ಮೆಲ್ಲರನ್ನೂ ನೋಡಿದರು. "ನಾನು ಹೇಳಿದ್ನೋ ಇಲ್ವೋ?"

ಒಳಗೆ ಐದು ಕುರ್ಚಿಗಳೂ ಖಾಲಿ ಇದ್ದವು.

"ಎಷ್ಟಕ್ಕೆ ಬಂದ್ರಿ ತಾಯಿ?" ಎಂದರು ಮಾವ, ಕೂರುವ ಮೊದಲೇ.

"ಅದಕ್ಕೆ ಕರೀಲಿಲ್ಲ," ಎಂದು ಯಜಮಾನಿ ಮೈದುನನ ಕಡೆ ತಿರುಗಿದರು. "ಅವರು ಹೋದ್ರಪ್ಪ. ನೀವು ಹೋದ ಮೇಲೆ ಬಾಗಿಲನ್ನೇ ನೋಡ್ತಾ ಕೂತಿದ್ರು. ಯಾರಾದ್ರೂ ಬರ್ತಾರೆ ಅಂತಿತ್ತೇನೋ. ಆಮೇಲೆ ಒಂದ್ಲೋಟ ನೀರು ಕೇಳಿ ಕುಡಿದ್ರು. ಹಿಂದುಗಡೆ ಬಾಗಿಲಿದ್ಯಾ ಅಂತ ಕೇಳಿದ್ರು."

ಮೈದುನ ಹಿಂದಿನ ಬಾಗಿಲಿಂದ ಓಡಿದ. ಆ ಹುಡುಗಿ ಅವತ್ತು ಅವನಿಗೆ ಸಿಗಲಿಲ್ಲ, ಆಮೇಲೆ ಆ ಮದುವೆಯೂ ಆಗಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅತ್ತೆಯ ಯಂತ್ರ ಕೆಟ್ಟಾಗ ಈಗ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅವಳು ನನ್ನ ಜೊತೆ ನಗುನಗುತ್ತಲೇ ಮಾತಾಡುತ್ತಾಳೆ, ಮೈದುನನ ಸುದ್ದಿ ಮಾತ್ರ ಕೇಳುವುದಿಲ್ಲ.

ಅಂಗಡಿಯಲ್ಲಿ ಮಾವ ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿದರು. ಪಾಪ, ಅವರಿಗೂ ಬೇಜಾರಾಯಿತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು! ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ನೋಡಿ ತಾಯಿ, ಈಗ ಹುಡುಗೀನೂ ಇಲ್ಲ. ನಮಗೇನೂ ಅರ್ಜೆಂಟಿಲ್ಲ. ಇನ್ನೊಬ್ಬಳು ಸಿಕ್ಕಾಗ ಬೇಕಾಗುತ್ತೆ ಅಂತ ತಗೊಂಡಿಡೋದು ಅಷ್ಟೇ. ಆ ಲೆಕ್ಕದಲ್ಲಿ ಒಂದು ರೇಟು ಹೇಳಿ."

ಅಷ್ಟರಲ್ಲಿ ಮೈದುನ ಏದುಸಿರು ಬಿಡುತ್ತ ವಾಪಸ್ ಬಂದ. ಅಂಗಿ ಬೆನ್ನಿಗಂಟಿತ್ತು. ಮಾವನ ಮಾತಿನ ಕೊನೆಯ ಭಾಗ ಅವನ ಕಿವಿಗೆ ಬಿದ್ದಿರಬೇಕು. ತಟ್ಟೆಯಲ್ಲಿದ್ದ ಆ ಉಂಗುರವನ್ನೇ ನೋಡುತ್ತ, ಹುಟ್ಟಿದ ಮೇಲೆ ಮೊದಲ ಸಲ, ಅಂಗಡಿಯೆಲ್ಲ ಕೇಳುವ ಹಾಗೆ ಕೂಗಿದ:

"ಇಷ್ಟ ಆಗಿತ್ತು ಮಾವ! ನಂಗೆ ಇದೇ ಉಂಗುರ ಇಷ್ಟ ಆಗಿತ್ತು. ಅವಳೂ ಇಷ್ಟ ಆಗಿದ್ಲು!"

ಕಿವಿ ಮಂದವಾದ ಅತ್ತೆಗೂ ಅದು ಕೇಳಿಸಿತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳತೊಡಗಿದರು.

ಮಾವ ಗಾಬರಿಯಿಂದ ಅವನ ತೋಳು ಹಿಡಿದೆಳೆದರು.

"ಮೆತ್ತಗೆ ಹೇಳೋ, ಅವರು ಇಲ್ಲೇ ಇದ್ದಾರೆ. ರೇಟು ಏರಿಸ್ಬಿಡ್ತಾರೆ."