ಅಪ್ಪನ ಮಣ್ಣಿಗೆ ಹೋಗದವನು

ಗಾಜು ಕತ್ತರಿಸುವ ಅಂಗಡಿಯವರ ಕಿರಿಮಗನನ್ನು ಬೀದಿಯವರೆಲ್ಲ ಕನ್ನಡಿ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಲ್ಲಿ ಅಂಗಡಿಗೆ ಬಂದ ಪ್ರತಿಯೊಂದು ಕನ್ನಡಿಯ ಮುಂದೆಯೂ ನಿಂತು ತಲೆ ಬಾಚಿಕೊಳ್ಳುತ್ತಿದ್ದನಂತೆ. ಅಪ್ಪ ತಮಾಷೆಗೆ ಇಟ್ಟ ಹೆಸರು ಹಾಗೇ ಅಂಟಿಕೊಂಡಿತು. ಅಪ್ಪ, ಅಣ್ಣ, ಅವನು ಮೂವರೂ ಒಂದೇ ಮೇಜಿನ ಸುತ್ತ ನಿಂತು ಕೆಲಸ ಮಾಡುತ್ತಿದ್ದರು. ಮೇಜಿನ ಮೇಲೆ ಹಳೆಯ ಕಂಬಳಿ, ಅದರ ಮೇಲೆ ಗಾಜು. ಅಪ್ಪ ಗೆರೆ ಎಳೆದು ಅಂಚಿಗೆ ಮೆಲ್ಲಗೆ ತಟ್ಟಿದರೆ ಸಾಕು, ಗಾಜು ನೇರವಾಗಿ ಎರಡಾಗುತ್ತಿತ್ತು. "ಗಾಜು ನನ್ನ ಮಾತು ಕೇಳುತ್ತೆ, ಮಕ್ಕಳೇ ಕೇಳಲ್ಲ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದರು.

ಒಂದು ಮಧ್ಯಾಹ್ನ ದೊಡ್ಡ ಗಾಜೊಂದು ಜಾರಿ ಕನ್ನಡಿಯ ಮಣಿಕಟ್ಟನ್ನು ಸೀಳಿತು. ಬೆರಳುಗಳು ಮತ್ತೆ ಮಡಚುತ್ತವೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಅವನು ಆಸ್ಪತ್ರೆಯಲ್ಲಿ ಗೋಡೆ ನೋಡುತ್ತ ಮಲಗಿದ್ದ. ಪಕ್ಕದ ಹಾಸಿಗೆಯವರನ್ನು ನೋಡಲು ಬಂದಿದ್ದ ಬೋಧಕರೊಬ್ಬರು ಅವನ ಬಳಿಯೂ ಕೂತರು. ಕೈ ಎತ್ತಲಾಗದವನಿಗೆ ಚಮಚದಲ್ಲಿ ಊಟ ಮಾಡಿಸಿದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಕುಷ್ಠರೋಗಿಯನ್ನು ಮುಟ್ಟಿದ ಯೇಸುವಿನ ಕಥೆ ಹೇಳಿದರು. ಆ ಅಕ್ಕರೆಯಲ್ಲಿ ಸುಳ್ಳಿರಲಿಲ್ಲ, ಅದನ್ನು ಕನ್ನಡಿ ಇವತ್ತಿಗೂ ಅಲ್ಲಗಳೆಯುವುದಿಲ್ಲ. ಬೆರಳು ಮಡಚುವ ಹೊತ್ತಿಗೆ ಅವನು ಯೇಸುವನ್ನು ನಂಬಿದ್ದ.

ದೀಕ್ಷಾಸ್ನಾನಕ್ಕೆ ಅಪ್ಪ ಬೇಡವೆನ್ನಲಿಲ್ಲ. ಆದರೆ ಬೋಧಕರ ಪ್ರಾರ್ಥನಾ ಹಾಲಿನಲ್ಲಿ ಕೆಲಸಕ್ಕೆ ಕೊನೆ ಮೊದಲಿರಲಿಲ್ಲ. ಕುರ್ಚಿ ಜೋಡಿಸಬೇಕು, ಮೈಕು ಕಟ್ಟಬೇಕು, ಕೂಟಗಳಿಗೆ ವೇದಿಕೆ ಎಬ್ಬಿಸಬೇಕು. ಕರೆ ಬಂದರೆ ಕನ್ನಡಿ ಅರ್ಧ ಗೆರೆ ಎಳೆದ ಗಾಜನ್ನೂ ಬಿಟ್ಟು ಓಡುತ್ತಿದ್ದ. ಒಂದು ದಿನ ಅಪ್ಪನಿಗೆ ತಾಳ್ಮೆ ತಪ್ಪಿತು.

"ಎರಡು ದೋಣಿ ಮೇಲೆ ಕಾಲಿಟ್ಟೋನು ನೀರಿಗೇ ಬೀಳೋದು ಕಣೋ. ಅಲ್ಲಾದ್ರೂ ಇರು, ಇಲ್ಲಾದ್ರೂ ಇರು."

ಕನ್ನಡಿ ಬೋಧಕರನ್ನು ಕೇಳಿದ. ಅವರು, "ತನ್ನನ್ನ ತಾನು ಬಿಟ್ಟುಕೊಡದೆ ಶಿಷ್ಯ ಆಗೋಕಾಗಲ್ಲಪ್ಪ. ಅಪ್ಪ ಅಮ್ಮ ಅಂತ ಹಿಂದೆ ತಿರುಗಿ ನೋಡ್ತಿದ್ರೆ ಶಿಲುಬೆ ಹೊರೋದು ಹೇಗೆ?" ಎಂದರು.

ಅವನು ಬಟ್ಟೆ ಗಂಟು ಕಟ್ಟಿಕೊಂಡು ಪ್ರಾರ್ಥನಾ ಹಾಲಿನ ಹಿಂದಿನ ಕೋಣೆಗೆ ಬಂದುಬಿಟ್ಟ. ಆ ಭಾನುವಾರ ಬೋಧಕರು ಅವನನ್ನು ಎಲ್ಲರೆದುರು ನಿಲ್ಲಿಸಿ, "ಶಿಷ್ಯ ಅಂದ್ರೆ ಹೀಗಿರ್ಬೇಕು" ಎಂದರು. ತಾನು ಮನೆ ಬಿಟ್ಟು ಹೊರಟಾಗ ಅಮ್ಮ ಬಾಗಿಲು ಹಿಡಿದು ಅತ್ತದ್ದು ಕನ್ನಡಿಗೆ ನೆನಪಾಯಿತು. ಶಿಲುಬೆಯ ಭಾರ ಎಂದರೆ ಇದೇ ಇರಬೇಕು ಎಂದುಕೊಂಡ.

ಕೆಲವು ವರ್ಷಗಳ ಮೇಲೆ ಅಣ್ಣ ಸೈಕಲ್ಲಿನಲ್ಲಿ ಬಯಲಿಗೆ ಬಂದ. ಅವತ್ತು ಅಲ್ಲಿ ದೊಡ್ಡ ಕೂಟವಿತ್ತು, ಕನ್ನಡಿ ವೇದಿಕೆ ಕಟ್ಟುತ್ತಿದ್ದ.

"ಅಪ್ಪ ಹೋಗ್ಬಿಟ್ರು ಕಣೋ. ಸಂಜೆ ಮಣ್ಣು. ಬಾ."

ಕನ್ನಡಿ ಬೋಧಕರ ಮುಖ ನೋಡಿದ. ಅವರು ಅವನ ಭುಜದ ಮೇಲೆ ಕೈಯಿಟ್ಟರು. "ಸತ್ತವರ ಚಿಂತೆ ಸತ್ತವರಿಗೆ ಬಿಡು ಅಂತ ಯೇಸುವೇ ಹೇಳಿಲ್ವಾ? ಇದು ನಿನಗೆ ಬಂದಿರೋ ಪರೀಕ್ಷೆ."

ಅಣ್ಣ ಸೈಕಲ್ ತಿರುಗಿಸಿಕೊಂಡು ಹೋದ. ಕನ್ನಡಿ ಹಲಗೆಗಳಿಗೆ ಮೊಳೆ ಹೊಡೆದ. ಸಂಜೆ ಜನ ಹಾಡುತ್ತಿದ್ದಾಗ ವೇದಿಕೆಯ ಹಿಂದೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಅತ್ತ. ಪರೀಕ್ಷೆಯಲ್ಲಿ ಗೆದ್ದೆ ಎಂದು ಮನಸ್ಸಿಗೆ ಹೇಳಿಕೊಂಡೇ ದಿನ ದೂಡಿದ.

ಆಮೇಲೊಂದು ವರ್ಷ ಬೋಧಕರ ತಾಯಿ ತೀರಿಕೊಂಡರು. ಅವತ್ತೂ ಕೂಟವಿತ್ತು. ಬೋಧಕರು ಕೂಟವನ್ನೇ ಮುಂದಕ್ಕೆ ಹಾಕಿ, ಸಮಾಧಿಯ ಪಕ್ಕ ಮಣ್ಣಲ್ಲಿ ಮಂಡಿಯೂರಿ, "ಹೆತ್ತವಳ ಋಣ ತೀರಿಸೋಕಾಗುತ್ತಾ" ಎಂದು ಎಲ್ಲರೆದುರು ಗೋಳಾಡಿದರು. ಕನ್ನಡಿಗೆ ಅವರನ್ನು ಕಂಡು ಪಾಪವೆನಿಸಿತು. ಹಿಂದೆಯೇ ತಾನು ಹೋಗದ ಅಪ್ಪನ ಮಣ್ಣು ನೆನಪಾಯಿತು.

ತಾಯಿಯ ಫೋಟೋಗೆ ಗಾಜು ಹಾಕುವ ಕೆಲಸ ಅವನಿಗೇ ಬಂತು. ಮಾಡಿಕೊಂಡು ಹೋದ. ಬೋಧಕರು ಸ್ಟೂಲು ಹತ್ತಿ ಅದನ್ನು ಗೋಡೆಗೆ ತೂಗುಹಾಕುತ್ತಿದ್ದಾಗ ಕೇಳಿಯೇಬಿಟ್ಟ.

"ಅಯ್ಯನವರೇ, ತಪ್ಪು ತಿಳ್ಕೋಬೇಡಿ. ನಮ್ಮಪ್ಪ ಹೋದಾಗ ನನ್ನ ಯಾಕೆ ಹೋಗ್ಬೇಡ ಅಂದ್ರಿ?"

"ಅಯ್ಯೋ, ಇನ್ನೂ ಅದನ್ನೇ ಇಟ್ಕೊಂಡಿದೀಯಾ?" ಬೋಧಕರು ತಿರುಗಲಿಲ್ಲ. "ಬಯಲು ತುಂಬ ಜನ ಸೇರೋರಿದ್ರು. ವೇದಿಕೆ ಕೆಲಸ ನಿನ್ನ ಬಿಟ್ರೆ ಯಾರಿಗೆ ಬರ್ತಿತ್ತು ಹೇಳು?"

"ಪರೀಕ್ಷೆ ಅಂದಿದ್ರಿ."

"ಅದೂ ಹೌದಪ್ಪ. ಫೋಟೋ ಎಡಕ್ಕೆ ವಾಲಿದೆಯಾ, ನೋಡು."

"ಇಲ್ಲ, ಸರಿಯಾಗಿದೆ" ಎಂದು ಹೇಳಿ ಕನ್ನಡಿ ಹೊರಗೆ ಬಂದ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅಪ್ಪನ ಮುಖವನ್ನು ಕೊನೆಯ ಸಲ ನೋಡುವುದನ್ನೇ ಅವನು ದೇವರ ಪಾದಕ್ಕೆ ಇಟ್ಟಿದ್ದ. ಅದು ಹೋಗಿ ಬಿದ್ದದ್ದು ಒಂದು ಸಂಜೆಯ ವೇದಿಕೆಯ ಕೆಳಗೆ.

ಮರುದಿನವೇ ಕೋಣೆ ಖಾಲಿ ಮಾಡಿ ಅಂಗಡಿಗೆ ಹೋದ. ಅಣ್ಣ ಗಾಜಿನಿಂದ ತಲೆ ಎತ್ತಲಿಲ್ಲ.

"ಅಣ್ಣಾ, ನಂಗೆ ಮೋಸ ಆಯ್ತು."

"ನಿಂಗೆ ಆಯ್ತಾ? ಅಪ್ಪ ಕೊನೇಲಿ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ರು. ಮಗ್ಗುಲು ಬದಲಾಯಿಸೋಕೆ ಹೋದ್ರೆ ಬಿಡ್ತಿರ್ಲಿಲ್ಲ." ಅಣ್ಣ ಗಾಜನ್ನು ಮೇಜಿನ ಅಂಚಿಗೆ ಎಳೆದುಕೊಂಡ. "ಅಮ್ಮ ಒಳಗಿದಾರೆ. ಹೋಗಿ ಮಾತಾಡ್ಸು. ನನ್ ಹತ್ರ ಏನೂ ಕೇಳ್ಬೇಡ."

ಅಮ್ಮ ಅವನನ್ನು ಕಂಡದ್ದೇ ತಟ್ಟೆ ಹಾಕಿದರು.

ಈಗ ಕನ್ನಡಿ ಮತ್ತೆ ಅದೇ ಮೇಜಿನ ಬಳಿ ನಿಲ್ಲುತ್ತಾನೆ. ಅಣ್ಣ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತಾಡುತ್ತಾನೆ. ಬೋಧಕರು ಒಮ್ಮೆ ಕರೆಯಲು ಬಂದಿದ್ದರು. "ಮುನಿಸು ಒಳ್ಳೇದಲ್ಲಪ್ಪ. ದೇವರ ಮೇಲೆ ಯಾಕೆ ಕೋಪ?" ಎಂದರು.

"ದೇವರ ಮೇಲಲ್ಲ ಅಯ್ಯನವರೇ" ಎಂದ ಕನ್ನಡಿ. ಅಷ್ಟು ಹೇಳಿ ಗಾಜು ಒರೆಸತೊಡಗಿದ. ಬೋಧಕರು ಹೊರಟುಹೋದರು.

ಹೇಳಿದ್ದೇನೋ ನಿಜ. ಆದರೆ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರೆ "ತಂದೆಯೇ" ಎಂಬ ಮೊದಲ ಮಾತಿಗೇ ಅವನ ನಾಲಿಗೆ ತಡವರಿಸುತ್ತದೆ. ಮುಂದಿನ ಮಾತು ಹೊರಡುವುದಿಲ್ಲ. ಅಮ್ಮ ಒಳಗಿನಿಂದ ಕೂಗುವವರೆಗೂ ಹಾಗೇ ಕೂತಿರುತ್ತಾನೆ.