ಬಾವಿಗೆ ಬಿಟ್ಟ ಕಲ್ಲು, ಹದಿಮೂರು ಮಾರು ಹಗ್ಗ

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತೇನೆ, ಬರೆದರೆ ಕಾಗೆ ಕಾಲು ಗುಬ್ಬಿ ಕಾಲು. ಆದರೂ ಕಾಲೇಜಿನ ಒಂದು ಫಿಸಿಕ್ಸ್ ಲೆಕ್ಕ ಸರಿಹೋಗಿದ್ದು ನನ್ನಿಂದ. ಜಂಬ ಅಂದರೆ ಅನ್ನಿ.

ಮೊಮ್ಮಗಳು ಕಡೂರಿನಲ್ಲಿ ಮೊದಲನೇ ಪಿಯುಸಿ ಓದುತ್ತಿದ್ದಳು. ಉಳಿದದ್ದೆಲ್ಲ ಪಾಸು, ಫಿಸಿಕ್ಸ್ ಒಂದು ಹೋಯಿತು. ಫೇಲಾದವರಿಗೆ ಇನ್ನೊಂದು ಪರೀಕ್ಷೆ ಇತ್ತು. ನನ್ನ ಮಗ ಖಡಾಖಂಡಿತ ಹೇಳಿಬಿಟ್ಟ: "ಈ ಸಲಾನೂ ಹೋದ್ರೆ ಓದು ಸಾಕು. ಬೀರೂರಲ್ಲಿ ಹೊಲಿಗೆ ಕಲೀಲಿ." ಅವಳಿಗೆ ನರ್ಸಿಂಗ್ ಓದುವ ಆಸೆ.

ಒಂದು ಬೆಳಿಗ್ಗೆ ಜಗಲಿಯಲ್ಲಿ ಪುಸ್ತಕ ಹಿಡಿದು ಅಳುತ್ತಿದ್ದಳು.

"ಅತ್ರೆ ಲೆಕ್ಕ ಆಯ್ತದೇನೇ? ಜೋರಾಗಿ ಓದು" ಅಂದೆ.

"ಬಾವಿಗೆ ಬಿಟ್ಟ ಕಲ್ಲು ಎರಡು ಸೆಕೆಂಡಿಗೆ ನೀರು ಮುಟ್ತದೆ. ನೀರು ಎಷ್ಟು ಆಳದಲ್ಲಿ ಅದೆ?"

"ಹಗ್ಗ ಬಿಟ್ಟು ನೋಡಾದು ಬಿಟ್ಟು ಕಲ್ಲು ಯಾಕೆ ಹಾಕ್ತಾನೆ ಅವ್ನು?"

"ಅಯ್ಯೋ ಅಜ್ಜಿ, ಸೂತ್ರ ಅದೆ. ಭೂಮಿ ಎಳೆಯೋದು ಹತ್ತು. ಅದನ್ನ ಎರಡರಿಂದ ಎರಡು ಸಲ ಗುಣಿಸಿ ಅರ್ಧ ಮಾಡಿದ್ರೆ ಇಪ್ಪತ್ತು ಮೀಟ್ರು. ಬಾಯಿಪಾಠ ಮಾಡೀನಿ. ನಿಜಾನಾ ಸುಳ್ಳಾ, ಯಾವನಿಗೆ ಗೊತ್ತು? ಸ್ವಲ್ಪ ತಿರುಚಿ ಕೇಳಿದ್ರೆ ನನ್ ಕತೆ ಮುಗೀತು."

"ನಿಜಾನಾ ಸುಳ್ಳಾ ನೋಡಾಣ, ಏಳು."

ಸಿಂಗಟಗೆರೆಯ ನಮ್ಮ ತೆಂಗಿನ ತೋಟದಲ್ಲಿ ಹಳೇ ಬಾವಿ ಇದೆ. ಅವಳು ಮೊಬೈಲಿನಲ್ಲಿ ಹೊತ್ತು ನೋಡಿದಳು, ನಾನು ಕಲ್ಲು ಬಿಟ್ಟೆ. ಗುಳುಂ! ನಾಲ್ಕು ಸಲ ಬಿಟ್ಟರೂ ಹೆಚ್ಚುಕಮ್ಮಿ ಎರಡೇ ಸೆಕೆಂಡು. ಪುಸ್ತಕದವನು ನಮ್ಮ ಬಾವಿಯನ್ನೇ ನೋಡಿ ಬರೆದಂತಿತ್ತು.

ಆಮೇಲೆ ಹಗ್ಗಕ್ಕೆ ಕೊಡ ಕಟ್ಟಿ ನೀರು ಮುಟ್ಟುವ ತನಕ ಇಳಿಸಿದೆ. ಮೇಲಕ್ಕೆಳೆದು, ಎರಡೂ ಕೈ ಚಾಚಿ ಮಾರು ಹಾಕಿ ಅಳೆದೆ. ಹದಿಮೂರು ಮಾರು. ಮಾರಿಗೆ ಆರಡಿ, ನಮ್ಮಲ್ಲಿ ಎಲ್ಲರ ಲೆಕ್ಕವೂ ಅದೇ. ಎಪ್ಪತ್ತೆಂಟು ಅಡಿ ಅಂದೆ.

ಅವಳು ಮೀಟರಿಗೆ ತಿರುಗಿಸಿದಳು. ಮುಖ ಸಪ್ಪಗಾಯಿತು.

"ಹತ್ರತ್ರ ಇಪ್ಪತ್ನಾಲ್ಕು ಬರ್ತದೆ. ನೋಡ್ದಾ? ಪುಸ್ತಕದ್ದು ಪುಸ್ತಕದಲ್ಲೇ. ನಂಗಾಗಲ್ಲ ಬಿಡಜ್ಜಿ."

"ಸದ್ದು ಮೇಲೆ ಬರಾಕೂ ಹೊತ್ತು ಬೇಕಲ್ವೇನೇ?"

ಅವಳು ಸ್ವಲ್ಪ ಯೋಚಿಸಿದಳು. "ಬೇಕು. ಆದ್ರೆ ಸದ್ದಿನ ಅಲೆ ಸೆಕೆಂಡಿಗೆ ಮುನ್ನೂರು ಮೀಟ್ರು ಮೇಲೇ ಓಡ್ತದೆ. ಆ ಹೊತ್ತು ಕಳೆದ್ರೆ ಆಳ ಇನ್ನೂ ಕಮ್ಮಿ ಆಯ್ತದೆ, ಜಾಸ್ತಿ ಆಗಲ್ಲ. ತಪ್ಪು ಕಲ್ಲಿಂದಲ್ಲ ಅಜ್ಜಿ. ಹಗ್ಗದ್ದು!"

ಬಾಯಿಪಾಠದ ಹುಡುಗಿ ಹಾಗೆ ಮಾತಾಡಿದ್ದು ಅದೇ ಮೊದಲು. ಹಗ್ಗದ ತಪ್ಪು ಅಂದರೆ ನನ್ನ ತಪ್ಪು. ನನಗೆ ರೇಗಿತು. ಅರವತ್ತು ವರ್ಷದಿಂದ ಹಗ್ಗ ಹಿಡಿದವಳು ನಾನು.

"ಕೈ ಚಾಚಜ್ಜಿ" ಅಂದಳು. ಜೊತೆಗೆ ತಂದಿದ್ದ ಪುಸ್ತಕದ ಬ್ಯಾಗಿನಿಂದ ಅಡಿ ಸ್ಕೇಲು ತೆಗೆದು ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಇಡುತ್ತಾ ಹೋದಳು. ಕತ್ತಿನ ಹತ್ತಿರ ಕಚಗುಳಿಯಾಗಿ ಬೈದೆ. ಐದು ಸಲಕ್ಕೆ ಮುಗಿಯಿತು.

"ಐದೇ ಅಡಿ ಕಣಜ್ಜಿ ನೀನು!"

ಆರಡಿ ಮಾರು ಎತ್ತರದ ಗಂಡಸರದು. ನಾನು ಕುಳ್ಳಿ. ಇಷ್ಟು ವರ್ಷ ಯಾರದೋ ಕೈ ಲೆಕ್ಕವನ್ನು ನನ್ನ ಕೈಗೆ ಹಾಕಿಕೊಂಡು ಓಡಾಡಿದ್ದೆ.

"ಹದಿಮೂರೈದ್ಲಿ ಅರವತ್ತೈದು" ಅಂದೆ, ಬಾಯಲ್ಲೇ.

ಅವಳು ಗೀಚಿದಳು. "ಹತ್ತೊಂಬತ್ತು ಪಾಯಿಂಟ್ ಎಂಟು! ಬಂತು ಅಜ್ಜಿ, ಬಂತು!" ಅಂತ ಕಿರುಚಿದಳು. ಪಕ್ಕದ ತೋಟದವನು ಯಾರೋ ಬಾವಿಗೆ ಬಿದ್ದರೆಂದು ಓಡಿಬಂದ. "ಯಾರೂ ಬಿದ್ದಿಲ್ಲ, ಲೆಕ್ಕ ಸಿಕ್ತು, ಹೋಗಪ್ಪಾ" ಅಂದೆ.

ಅಲ್ಲಿಂದ ಪರೀಕ್ಷೆಯವರೆಗೆ ದಿನಾ ಲೆಕ್ಕ. ರಾಟೆಯ ಎಳೆತ, ಮರದಿಂದ ಬೀಳುವ ಕಾಯಿ, ಕೊಡದ ಭಾರ, ಯಾವುದನ್ನೂ ಬಿಡಲಿಲ್ಲ. ಉತ್ತರ ಬಂದ ಮೇಲೂ "ನಿಜಾನಾ?" ಅಂತ ತಾನೇ ಕೇಳಿಕೊಂಡು ಇನ್ನೊಂದು ದಾರಿಯಲ್ಲಿ ಮಾಡಿ ನೋಡುವಳು. ನಾನು ತಪ್ಪು ಹೇಳಿದರೆ ಮುಲಾಜಿಲ್ಲದೆ ಹೇಳುವಳು.

ಪರೀಕ್ಷೆಯಲ್ಲಿ ಬಾವಿ ಬರಲೇ ಇಲ್ಲವಂತೆ. ಮಹಡಿಯಿಂದ ಮೇಲಕ್ಕೆಸೆದ ಚೆಂಡು ಬಂದಿತ್ತಂತೆ. ಮಾಡಿ ಬಂದಳು.

ರಿಸಲ್ಟು ಬಂತು: ಎಪ್ಪತ್ತಕ್ಕೆ ಐವತ್ತೊಂದು. ನನ್ನ ಮಗ ಅದನ್ನು ಎರಡು ಸಲ ಓದಿದ, ಕೆಮ್ಮಿದ.

"ನಾಳೆ ಹೋಗಿ ಎರಡನೇ ವರ್ಷಕ್ಕೆ ಸೇರಿಸಿ ಬತ್ತೀನಿ ಕಣವ್ವ" ಅಂದ.

"ನಾಳೆ ಯಾಕೆ? ಹನ್ನೊಂದು ಗಂಟೆ ಬಸ್ಸು ಇನ್ನೂ ಬಂದಿಲ್ಲ" ಅಂದೆ.

ಅಂಗಿ ಹಾಕಿಕೊಂಡು ಹೊರಟ.