ಇಂಗು ಬರುವ ದಾರಿ

ಸಮುದ್ರ ದಾಟಿದವನಿಗೆ ಜಾತಿ ಕೆಡುತ್ತದೆ ಎಂಬ ಮಾತನ್ನು ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕೇಳಿಕೊಂಡೇ ಬೆಳೆದವನು ನಾನು. ಆದರೆ ಸಮುದ್ರವನ್ನೇ ದಾಟದವನಿಗೂ ಅದೇ ಶಿಕ್ಷೆ ಕೊಡುತ್ತಾರೆಂದು ಗೊತ್ತಾದದ್ದು ಅದು ನನ್ನ ತಲೆಗೇ ಬಂದಾಗ. ನೆನೆದರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ.

ಐವತ್ತರ ದಶಕದ ನಡುವಿನ ಸಮಾಚಾರ. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನೂ ಅಮ್ಮನೂ ದೊಡ್ಡಪ್ಪನ ಮನೆಯ ಹಿಂಭಾಗದಲ್ಲಿ ಇದ್ದೆವು. ಹೈಸ್ಕೂಲೊಂದರಲ್ಲಿ ನಾನು ಭೂಗೋಳದ ಮೇಷ್ಟ್ರು. ಕಣ್ಣಿಂದ ಕಾಣದ ಊರುಗಳನ್ನು ನಕ್ಷೆಯ ಮೇಲೆ ಬೆತ್ತದಿಂದ ತೋರಿಸಿ ತೋರಿಸಿ ನನಗೇ ಬೇಸರ ಬಂದಿತ್ತು. ತರಗುಪೇಟೆಯಲ್ಲಿ ಬೇಳೆಕಾಳು, ಇಂಗು ಮಾರುವ ಲಿಂಗಾಯತರ ಮನೆಯವನೊಬ್ಬ ನನ್ನ ಗೆಳೆಯ. ಅವರ ಅಂಗಡಿಗೆ ಇಂಗು ಬರುತ್ತಿದ್ದದ್ದು ಇರಾನಿನಿಂದ. ದಲ್ಲಾಳಿಗಳ ಕೈ ದಾಟಿ ಬರುವಷ್ಟರಲ್ಲಿ ಅದರಲ್ಲಿ ಇಂಗಿಗಿಂತ ಗೋಂದೇ ಜಾಸ್ತಿ. ಅದು ಹುಟ್ಟುವ ಜಾಗಕ್ಕೇ ಹೋಗಿಬರುತ್ತೇನೆಂದು ಅವನು ಹೊರಟ.

"ನೀನೂ ಬಾ ಮೇಷ್ಟ್ರೇ. ಹಿಂದೆ ಒಂಟೆ ಸಾಲು ಬರ್ತಿದ್ದ ದಾರೀಲೇ ಹೋಗೋಣ. ಕೂತ್ಕೊಂಡು ನಕ್ಷೆ ಎಷ್ಟು ದಿನ ನೋಡ್ತೀಯ?"

ಅಮ್ಮ ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಳು. "ಹೋಗಿ ಬಾ. ಸಮುದ್ರ ಮಾತ್ರ ದಾಟ್ಬೇಡ ಕಣೋ. ನಾಳೆ ನಿಮ್ಮಪ್ಪನ ತಿಥಿ ಮಾಡೋಕೆ ಅಡ್ಡ ಬರತ್ತೆ." ನಾನು ಒಬ್ಬನೇ ಮಗ. ದಾಟುವುದಿಲ್ಲ ಎಂದು ಮಾತು ಕೊಟ್ಟೆ.

ಲಾಹೋರ್, ಕ್ವೆಟ್ಟಾ, ಅಲ್ಲಿಂದ ಮರಳುಗಾಡಿನಲ್ಲಿ ತೆವಳುವ ರೈಲಿನಲ್ಲಿ ಇರಾನಿನ ಗಡಿ. ಹಳಿಯ ಮೇಲೆ ಮರಳು ಬಿದ್ದಿದ್ದರೆ ಕೂಲಿಗಳು ಅದನ್ನು ಎಳೆದುಹಾಕುವವರೆಗೆ ಕಾಯಬೇಕು. ಗಡಿಯಿಂದ ಮುಂದೆ ಸಿಕ್ಕಿದ ಲಾರಿ, ಸಿಕ್ಕಿದ ಬಸ್ಸು. ಅಮ್ಮ ಕಟ್ಟಿಕೊಟ್ಟ ಅವಲಕ್ಕಿ, ಚಟ್ನಿಪುಡಿ ಕೆರ್ಮಾನ್ ಎಂಬ ಊರಿಗೆ ಬರುವಷ್ಟರಲ್ಲಿ ಖಾಲಿ. ಅಲ್ಲಿಂದಾಚೆ, ಒಂಟೆಯ ವ್ಯಾಪಾರಿಗಳು ಇಳಿದುಕೊಳ್ಳುತ್ತಿದ್ದ ಹಳೆಯ ಮಣ್ಣಿನ ಛತ್ರವೊಂದರಲ್ಲಿ ತಂಗಿದೆವು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕನಿಗೆ ಗೆಳೆಯ ತನ್ನ ಅಂಗಡಿಯ ಉರ್ದುವಿನಲ್ಲೂ ಕೈಸನ್ನೆಯಲ್ಲೂ, ನಾವಿಬ್ಬರೂ ಮಾಂಸ ತಿನ್ನುವುದಿಲ್ಲ, ಇವನಂತೂ ಬೇರೆಯವರು ಬೇಯಿಸಿದ್ದನ್ನೂ ಮುಟ್ಟುವುದಿಲ್ಲ ಎಂದು ತಿಳಿಸಿದ. ಮುದುಕ ನಗಲಿಲ್ಲ. ಒಳಗಿನಿಂದ ಹೊಸ ಮಡಕೆಯೊಂದನ್ನು ತಂದು ಬೂದಿ ಹಾಕಿ ಉಜ್ಜಿ, ಒಲೆಯನ್ನು ನನಗೆ ಬಿಟ್ಟುಕೊಟ್ಟ. ನಾನು ಅನ್ನ ಇಳಿಸುವವರೆಗೂ ತನ್ನ ಮನೆಯ ಮಾಂಸದ ಪಾತ್ರೆಯನ್ನು ಒಲೆಗೆ ಏರಿಸಲೇ ಇಲ್ಲ. ಅವನ ಮೊಮ್ಮಕ್ಕಳು ಗೋಡೆಗೆ ಒರಗಿಕೊಂಡು ಹಸಿದು ಕಾದರು.

ಇಂಗಿನ ಗಿಡ ನೋಡಿದೆವು, ವ್ಯಾಪಾರ ಮಾತಾಡಿದೆವು. ಇಲ್ಲಿಯವರೆಗೆ ಬಂದಾಗಿದೆ, ದಾರಿ ಮುಗಿಯುವ ತನಕ ಹೋಗೋಣ ಎಂದು ಗೆಳೆಯ ಹಟ ಹಿಡಿದ. ತಬ್ರೀಜ್ ಹಾದು, ಟರ್ಕಿಯ ಬೆಟ್ಟಗಳನ್ನು ಹತ್ತಿ ಇಳಿದು, ಇಸ್ತಾಂಬುಲ್ಲಿನ ಈಚೆ ದಡಕ್ಕೆ ಬಂದೆವು. ಎದುರಿಗೆ ಯೂರೋಪು. ಆಚೆ ದಡದ ಮನೆಗಳ ಕಿಟಕಿಗಳು ಎಣಿಸುವಷ್ಟು ಹತ್ತಿರ. ನಡುವೆ ಇದ್ದದ್ದು ಸಮುದ್ರದ ಒಂದು ಸಣ್ಣ ಕವಲು. ದೋಣಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು, ನಮ್ಮ ಸಿಟಿ ಬಸ್ಸುಗಳ ಹಾಗೆ.

"ಇದೂ ಒಂದು ಸಮುದ್ರಾನೇನೋ? ನಮ್ಮ ಹಲಸೂರು ಕೆರೆ ಇದ್ದಂಗಿದೆ, ಬಾ ಸುಮ್ನೆ" ಎಂದ ಗೆಳೆಯ.

ನಾನು ಹೋಗಲಿಲ್ಲ. ಅವನು ದೋಣಿ ಹತ್ತಿ ಹೋಗಿ ಸಂಜೆ ಬಂದ. ಅಲ್ಲಿಯವರೆಗೆ ದಡದ ಕಲ್ಲಿನ ಮೇಲೆ ಕೂತು ಆಚೆಯ ಗೋಪುರಗಳನ್ನು ನೋಡಿದೆ. ಅಳು ಬರುವಷ್ಟು ಆಸೆಯಾಗಿತ್ತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಇಷ್ಟೆಲ್ಲ ಮಾಡಿ, ಹೋದ ನೆಲದ ದಾರಿಯಲ್ಲೇ ಮನೆಗೆ ವಾಪಸು ಬಂದರೆ ದೊಡ್ಡಪ್ಪ ಜಗಲಿಯಲ್ಲೇ ತಡೆದರು. ನನ್ನ ಎಲೆ ಹೊರಗೆ, ನನ್ನ ಲೋಟ ಹೊರಗೆ.

"ನಾನು ಸಮುದ್ರ ದಾಟಿಲ್ಲ ದೊಡ್ಡಪ್ಪ" ಎಂದೆ.

"ನೀರು ದಾಟಿದ್ಯೋ ಬಿಟ್ಯೋ, ಯಾರು ಕೇಳಿದ್ರು? ಓಡಾಡಿ ಬಂದಿರೋ ನೆಲ ಎಂಥದ್ದು ಅಂತ ಹೇಳು. ಪ್ರಾಯಶ್ಚಿತ್ತ ಆಗ್ಲೇಬೇಕು. ತಲೆ ಬೋಳಿಸ್ಕೋ, ಪಂಚಗವ್ಯ ತಗೋ. ಆಮೇಲೆ ತಿಥಿ."

ಇವರ ಸ್ವಂತ ಮಗ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ ಓದಿ ಬಂದಿದ್ದ. ದೊಡ್ಡ ಕೆಲಸ ಹಿಡಿದುಕೊಂಡು ಬಂದದ್ದರಿಂದ ಅವನಿಗೆ ಒಂದು ಉದ್ಧರಣೆ ಪಂಚಗವ್ಯದಲ್ಲಿ ಎಲ್ಲವೂ ಮುಗಿದಿತ್ತು. ಕ್ರಾಪಿನ ಒಂದು ಕೂದಲೂ ಅಲುಗಿರಲಿಲ್ಲ. ನಾನು ಬಡ ಮೇಷ್ಟ್ರು, ಇಡೀ ಶಾಸ್ತ್ರ ನನ್ನೊಬ್ಬನಿಗೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಅವರ ಸಾರು. ನಾನು ತಂದುಕೊಟ್ಟ ಇಂಗನ್ನೇ ಹಾಕಿ ಕುದಿಸಿದ ಸಾರಿನ ಘಮ ಜಗಲಿಯವರೆಗೆ ಬರುತ್ತಿತ್ತು. ಆ ನೆಲದ ಇಂಗು ದೇವರ ನೈವೇದ್ಯಕ್ಕೆ ಆಗುತ್ತದೆ, ಆ ನೆಲ ತುಳಿದು ಬಂದ ಮನುಷ್ಯ ಆಗುವುದಿಲ್ಲ! ಪರದೇಶದ ಮುದುಕ ನನ್ನ ಮಡಿಗಾಗಿ ಮೊಮ್ಮಕ್ಕಳನ್ನು ಹಸಿವಿನಲ್ಲಿ ಇಟ್ಟ. ಒಡಹುಟ್ಟಿದ ತಮ್ಮನ ಮಗನಿಗೆ ಇವರು ಜಗಲಿಯಲ್ಲಿ ಎಲೆ ಹಾಕಿಸಿದರು.

ತಿಥಿಯ ದಿನ ಬೆಳಿಗ್ಗೆ ಪುರೋಹಿತರು ಬಂದರು. ಹಿತ್ತಿಲಲ್ಲಿ ಕ್ಷೌರದವನೂ ಬಂದು ಕತ್ತಿ ಮಸೆಯುತ್ತಿದ್ದ. ಬೋಳಿಸಿಕೊಳ್ಳುವುದಿಲ್ಲ ಎಂದು ಎಲ್ಲರೆದುರು ಹೇಳಿದೆ.

"ಹಾಗಾದ್ರೆ ನಿಮ್ಮಪ್ಪನಿಗೆ ಈ ವರ್ಷ ಪಿಂಡ ಇಲ್ಲ. ನಿಮ್ಮಮ್ಮನ ಮುಖ ನೋಡಿ ಹೇಳು" ಎಂದರು ದೊಡ್ಡಪ್ಪ.

ಅಮ್ಮ ವರ್ಷವಿಡೀ ಕಾಯುತ್ತಿದ್ದದ್ದು ಆ ಒಂದು ದಿನಕ್ಕೆ. ಅಂಗಿ ಬಿಚ್ಚಿ ಹಿತ್ತಿಲಿಗೆ ಇಳಿದೆ. ಕ್ಷೌರದವನು ತಲೆಗೆ ನೀರು ಹಚ್ಚಿದ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆಗೆದು ಅಮ್ಮ ಈಚೆ ಬಂದಳು. ಭಾವನ ಎದುರು ಅವಳು ನಿಂತು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಲೆಯ ಮೇಲೆ ಎಳೆದುಕೊಂಡಿದ್ದ ಕೆಂಪು ಸೀರೆಯ ಸೆರಗನ್ನು ಅಲ್ಲೇ, ಪುರೋಹಿತರ ಎದುರಿಗೇ ಹಿಂದಕ್ಕೆ ಸರಿಸಿದಳು. ತಂದೆ ಸತ್ತ ಹತ್ತನೆಯ ದಿನ ಬೋಳಿಸಿದ ತಲೆ. ತಿಂಗಳು ತಿಂಗಳೂ ಬೋಳಿಸುತ್ತಲೇ ಇದ್ದ ತಲೆ.

"ನನ್ನನ್ನ ಇದೇ ಹಿತ್ತಿಲಲ್ಲಿ ಕೂರಿಸಿದ್ರಿ ಭಾವನವರೇ. ಬೇಕಾ ಬೇಡ್ವಾ ಅಂತ ಯಾರೂ ಒಂದು ಮಾತು ಕೇಳ್ಲಿಲ್ಲ. ನಾನು ಯಾವ ದೇಶಕ್ಕೆ ಹೋಗಿ ಬಂದಿದ್ದೆ?"

ಅವಳು ಕ್ಷೌರದವನ ಕಡೆ ತಿರುಗಿದಳು.

"ನೀನು ಹೋಗಪ್ಪ. ಈ ಮನೇಲಿ ಬೋಳಿಸಿದ್ದು ಸಾಕು."